ಉಲ್ಲೇಖದ ಬೇರು ಹಿಡಿದು ಹೋಗುವುದು

ಕ್ಯಾಟಲಾಗ್ ತೋರಿಸಿ, ಡೇಟಾಬೇಸ್‌ಗೆ ಲಾಗಿನ್ ಆಗುವುದು ಹೇಗೆಂದು ಹೇಳಿ ಕಳಿಸುವ ಗ್ರಂಥಾಲಯ ತರಗತಿಯನ್ನು ನಾನು ಕೈಬಿಟ್ಟಿದ್ದೇನೆ. ಈಗ 90 ನಿಮಿಷಕ್ಕೆ ಒಂದೇ ಕೆಲಸ: ಇಬ್ಬರು ವಿದ್ಯಾರ್ಥಿಗಳಿಗೊಂದು ಹೇಳಿಕೆ ಕೊಡುತ್ತೇನೆ, ಅದು ಮೊದಲು ಎಲ್ಲಿ ಹುಟ್ಟಿತು ಎಂದು ಹುಡುಕಿ ತರಬೇಕು. ಜೊತೆಗೆ ನಾಲ್ಕು ಕಾಲಂಗಳ ಹಾಳೆ. ಹುಡುಕಿದ ಪದ, ಬಂದ ಫಲಿತಾಂಶಗಳ ಸಂಖ್ಯೆ, ತೆರೆದು ಓದಿದ್ದು, ಬಿಟ್ಟಿದ್ದು ಮತ್ತು ಏಕೆ ಬಿಟ್ಟಿದ್ದು. ಹೆಚ್ಚು ಅಂಕ ಈ ಕೊನೆಯ ಕಾಲಂಗೆ.

ಮೊದಲ ಎಡವಟ್ಟು ಹುಡುಕುವ ಪದದಲ್ಲೇ ಆಗುತ್ತದೆ. ‘ಮೊಬೈಲ್‌ನಿಂದ ನಿದ್ರೆ ಹಾಳು’ ಎಂದು ಟೈಪ್ ಮಾಡಿದರೆ ಹಾಳು ಎನ್ನುವ ಲೇಖನಗಳೇ ಮೇಲೆ ಬರುತ್ತವೆ. ಉತ್ತರವನ್ನು ಪ್ರಶ್ನೆಯೊಳಗೇ ತುರುಕಿ ಆಗಿರುತ್ತದೆ. ಹಾಳು ಎಂಬುದನ್ನು ಹೊಡೆದುಹಾಕಿಸಿ, ಮೊಬೈಲ್, ನಿದ್ರೆ, ಯಾರ ನಿದ್ರೆ ಎಂದು ಮೂರು ತುಂಡು ಮಾಡಿಸುತ್ತೇನೆ. ಪ್ರತಿ ತುಂಡಿಗೂ ಎರಡು ಮೂರು ಸಮಾನಾರ್ಥಕ ಪದ, ಅವುಗಳ ನಡುವೆ ‘ಆರ್’ (OR, ಯಾವುದಾದರೂ ಒಂದಿದ್ದರೆ ಸಾಕು), ಸುತ್ತ ಆವರಣ ಚಿಹ್ನೆ. ತುಂಡುಗಳ ನಡುವೆ ‘ಆಂಡ್’ (AND, ಎಲ್ಲವೂ ಇರಬೇಕು). ಆವರಣ ಮರೆತರೆ ಫಲಿತಾಂಶ ಒಮ್ಮೆಲೇ ಸಾವಿರಗಟ್ಟಲೆ ಏರುತ್ತದೆ, ಹಾಳೆಯ ಎರಡನೇ ಕಾಲಂನಲ್ಲಿ ಅದು ತಕ್ಷಣ ಸಿಕ್ಕಿಬೀಳುತ್ತದೆ. ಒಂದು ಪದವಿರುವುದನ್ನೆಲ್ಲ ಹೊರಗಿಡುವ ‘ನಾಟ್’ (NOT) ಅನ್ನು ಮೊದಲ ದಿನ ಮುಟ್ಟಲು ಬಿಡುವುದಿಲ್ಲ. ಮಕ್ಕಳ ಮೇಲಿನ ಅಧ್ಯಯನ ಬೇಡವೆಂದು ಅದನ್ನು ಹಾಕಿದರೆ, ಮಕ್ಕಳನ್ನೂ ದೊಡ್ಡವರನ್ನೂ ಹೋಲಿಸಿದ ಒಳ್ಳೆಯ ಅಧ್ಯಯನವೂ ಸದ್ದಿಲ್ಲದೆ ಉದುರಿಹೋಗುತ್ತದೆ.

ಮಾದರಿಗೆ ಎಲ್ಲರೂ ಒಟ್ಟಾಗಿ ಮಾಡುವ ಹೇಳಿಕೆ ಇದು: ‘ನೋವಿಗೆ ಓಪಿಯಾಯ್ಡ್ (ಅಫೀಮಿನ ಬಗೆಯ) ಔಷಧ ಕೊಟ್ಟರೆ ಚಟ ಹತ್ತುವುದು ಅಪರೂಪ’. ಉಲ್ಲೇಖ ಹಿಡಿದು ಹಿಂದೆ ಹೋದರೆ ವೈದ್ಯಕೀಯ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್, 1980, ಸಂಪುಟ 302, ಪುಟ 123 ಸಿಗುತ್ತದೆ. ಇಲ್ಲಿ ನಿಲ್ಲಿಸಿ, ಪುಟಸಂಖ್ಯೆ ಓದಿ ಎನ್ನುತ್ತೇನೆ. ಇಷ್ಟನೇ ಪುಟ‘ದಿಂದ’ ಇಷ್ಟರವರೆಗೆ ಎಂದಿಲ್ಲ, ಒಂದೇ ಪುಟ! ಸಂಶೋಧನಾ ಲೇಖನ ಒಂದು ಪುಟದಲ್ಲಿ ಮುಗಿಯುತ್ತದೆಯೇ? ತೆರೆದರೆ ಅದು ಸಂಪಾದಕರಿಗೆ ಬರೆದ ಐದು ವಾಕ್ಯದ ಪತ್ರ. ಈ ಬಗೆಯ ಔಷಧ ಪಡೆದ 11,882 ರೋಗಿಗಳಲ್ಲಿ, ಮೊದಲು ಚಟದ ಇತಿಹಾಸವಿಲ್ಲದವರ ಪೈಕಿ, ದಾಖಲಾದ ಚಟದ ಪ್ರಕರಣ 4. ಎಲ್ಲರೂ ಆಸ್ಪತ್ರೆಯಲ್ಲಿದ್ದವರು. ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ.

ಆಮೇಲೆ ದಿಕ್ಕು ತಿರುಗಿಸುತ್ತೇವೆ. ಪತ್ರವನ್ನು ಉಲ್ಲೇಖಿಸಿದ ಐದು ಲೇಖನ ತೆಗೆದು, ಉಲ್ಲೇಖ ಕೂತಿರುವ ಆ ಒಂದು ವಾಕ್ಯವನ್ನಷ್ಟೇ ನಕಲು ಮಾಡುವುದು. ‘ಆಸ್ಪತ್ರೆ’ ಎಂಬ ಮಾತು ಎಲ್ಲಿ ಕಳಚಿತು ಎಂದು ಗೆರೆ ಎಳೆಯುವುದು. ಇಷ್ಟಾದ ಮೇಲೆಯೇ ಅದೇ ಪತ್ರಿಕೆ 2017ರಲ್ಲಿ ಪ್ರಕಟಿಸಿದ ಎಣಿಕೆ ತೋರಿಸುತ್ತೇನೆ: 608 ಉಲ್ಲೇಖಗಳಲ್ಲಿ ಸುಮಾರು ಶೇ 72 ಚಟ ಅಪರೂಪ ಎಂಬುದಕ್ಕೆ ಈ ಪತ್ರವನ್ನೇ ಪುರಾವೆಯಾಗಿ ಬಳಸಿದ್ದವು, ಸುಮಾರು ಶೇ 81 ರೋಗಿಗಳು ಆಸ್ಪತ್ರೆಯಲ್ಲಿದ್ದರೆಂದು ಹೇಳಿರಲಿಲ್ಲ. ಮೊದಲೇ ತೋರಿಸಿದರೆ ಕೆಲಸ ಕೆಟ್ಟಿತು, ಯಾರೂ ಹುಡುಕುವುದಿಲ್ಲ.

ಲೇಖಕ ಯಾರು, ಪತ್ರಿಕೆ ಯಾವುದು, ಹೊಸದೇ ಎಂಬ ಟಿಕ್ ಹಾಕುವ ಪಟ್ಟಿಗಳ ಮೇಲೆ ನನಗೆ ನಂಬಿಕೆ ಹೋಗಿರುವುದೂ ಇದಕ್ಕೇ. 1980ರ ದಶಕದಲ್ಲಿ ಆ ಪತ್ರ ಎಲ್ಲ ಟಿಕ್ಕುಗಳನ್ನೂ ಗಿಟ್ಟಿಸುತ್ತಿತ್ತು. ಬದಲಿಗೆ ಮೂರೇ ಕೇಳಿಸುತ್ತೇನೆ: ಇದು ಯಾವ ಬಗೆಯ ಬರಹ, ಯಾರನ್ನು ಎಣಿಸಿದ್ದಾರೆ, ಉಲ್ಲೇಖಿಸಿದವರು ಏನನ್ನು ಬಿಟ್ಟರು.

ಪೂರ್ಣಪಾಠ ಸಿಗದಿದ್ದಾಗ ಸಾರಾಂಶ ಓದಿ ಮುಗಿಸುವ ಚಾಳಿ ಬಲವಾದದ್ದು. ಅದಕ್ಕೇ ಎರಡನೇ ತರಗತಿ ಒಂದು ವಾರ ಬಿಟ್ಟು ಇಡುತ್ತೇನೆ. ಅಂತರ ಗ್ರಂಥಾಲಯ ಎರವಲಿಗೆ, ಅಂದರೆ ಬೇರೆ ಗ್ರಂಥಾಲಯದಿಂದ ತರಿಸಿಕೊಳ್ಳಲು, ಅಷ್ಟು ದಿನ ಬೇಕು. ‘ಬೇರು ಸಿಗಲಿಲ್ಲ’ ಎಂದು ಬರೆದರೂ ಪೂರ್ತಿ ಅಂಕವಿದೆ, ಎಲ್ಲಿಯವರೆಗೆ ಹೋಗಿ ದಾರಿ ಕಡಿಯಿತು ಎಂಬುದು ಹಾಳೆಯಲ್ಲಿದ್ದರೆ.