ಬಿಸ್ಕೆಟ್ ಜಾಯಿನರ್ ಫೆನ್ಸ್ ನಂಬ್ಬೇಡಿ, ಬೇಸ್ ನಂಬಿ

ಬಿಸ್ಕೆಟ್ ಜಾಯಿನರ್ ಅಂದ್ರೆ ಹಲಗೆ ಅಂಚಲ್ಲಿ ಸ್ಲಾಟ್ (ಸೀಳು) ಕೊರೆಯೋ ಮಷೀನು, ಆ ಸ್ಲಾಟಿಗೆ ಬಿಸ್ಕೆಟ್ ಅನ್ನೋ ಚಪ್ಪಟೆ ಮರದ ಬಿಲ್ಲೆ ಅಂಟು ಹಾಕಿ ಕೂರಿಸಿ ಹಲಗೆ ಜೋಡಿಸ್ತಾರೆ. 18 ಎಂಎಂ ಪ್ಲೈ ಅಂಚಿಗೆ ಅಂಚು ಜೋಡಿಸೋವಾಗ ಬಿಸ್ಕೆಟ್ ಜಾಯಿನರ್‌ನ ಫೆನ್ಸ್ (ಹಲಗೆ ಮೇಲೆ ಕೂರೋ ಮುಂದಿನ ಪಟ್ಟಿ) ಮೇಲೆ ಎತ್ಬಿಟ್ಟು, ಮಷೀನು ಹಲಗೆ ಎರಡನ್ನೂ ಸಮತಟ್ಟಾದ ಟೇಬಲ್ ಮೇಲೆ ಮಲಗಿಸಿ ಸ್ಲಾಟ್ ಹೊಡೀರಿ, ಎರಡೂ ಹಲಗೇದು ಒಳ್ಳೆ ಮುಖ ಕೆಳಗೇ ಇರ್ಲಿ. ಫೆನ್ಸ್ ಹಿಡ್ಕೊಂಡು ಹೊಡೆದ್ರೆ ಮಷೀನ್ ಭಾರಕ್ಕೆ ಸ್ವಲ್ಪ ವಾಲಿದ್ರೂ ಸ್ಲಾಟ್ ಓರೆಯಾಗುತ್ತೆ, ಆದ್ರೆ ಮಷೀನಿನ ತಳ ಅಂದ್ರೆ ಬೇಸ್‌ನಿಂದ ಬ್ಲೇಡಿಗಿರೋ ಅಂತರ ಬದಲಾಗಲ್ಲ, ಹೆಚ್ಚಿನ ಮಷೀನ್‌ಗಳಲ್ಲಿ ಅದು ಸುಮಾರು 10 ಎಂಎಂ, ಸರಿಯಾಗಿ ಮಧ್ಯಕ್ಕೆ ಬರದಿದ್ರೂ ಎರಡು ಕಡೆನೂ ಒಂದೇ ಲೆಕ್ಕ ಅಲ್ವಾ, ಮುಖ ಕೂಡುತ್ತೆ. ಅದಕ್ಕೇ ಅಗ್ಗದ ಮಷೀನ್ ದುಬಾರಿ ಮಷೀನ್ ಹೋಲಿಸೋವಾಗ ಮೋಟಾರ್ ವ್ಯಾಟ್ ನೋಡೋಕ್ ಮುಂಚೆ ಬೇಸಿಗೆ ಬ್ಲೇಡ್ ಸಮಾನಾಂತರ ಇದೆಯಾ, ಮುಂದೆ ಹಿಂದೆ ತಳ್ಳಿದಾಗ ಅಲ್ಲಾಡುತ್ತಾ ನೋಡ್ಕೊಳ್ಳಿ, ಫೆನ್ಸ್ ಸುಮಾರಾಗಿದ್ರೂ ನಡೆಯುತ್ತೆ. ಹಲಗೆ ಬೆಂಡಾಗಿದ್ರೆ ಇದು ಕೈಕೊಡುತ್ತೆ, ಕೆಳಗೆ ಒಂದು ಚೂರು ಹೊಟ್ಟು ಸಿಕ್ಕಿದ್ರೂ ಅಷ್ಟೇ, ಪ್ರತಿ ಸಲ ಬ್ರಷ್ ಆಡಿಸಿ. 12 ಎಂಎಂ ಪ್ಲೈಗೆ ಸ್ಲಾಟ್ ಮೇಲಂಚಿಗೆ ತೀರಾ ಹತ್ರ ಹೋಗುತ್ತೆ, ಹಲಗೆ ಕೆಳಗೆ 4 ಎಂಎಂ ಪ್ಲೈ ತುಂಡು ಇಟ್ಟು ಎತ್ತರಿಸಿ, ಮಷೀನ್ ಕೆಳಗಲ್ಲ. ಅಂಚು 45 ಡಿಗ್ರಿ ಓರೆ ಕತ್ತರಿಸಿ ಮೂಲೆ ಕೂಡಿಸೋ ಮೈಟರ್‌ಗೆ ಮಾತ್ರ ಫೆನ್ಸೇ ಗತಿ. ಆಮೇಲೆ ಬಿಸ್ಕೆಟ್ ಗಾಳಿ ಆಡದ ಡಬ್ಬೀಲಿಡಿ, ಮಳೆಗಾಲದಲ್ಲಿ ತೇವ ಕುಡಿದು ಊದ್ಕೊಂಡ್ರೆ ಸ್ಲಾಟೊಳಗೆ ಹೋಗೋದೇ ಇಲ್ಲ, ನಮ್ಮನೆ ಚಕ್ಲಿ ಡಬ್ಬಿ ಈಗ ಅದಕ್ಕೇ ಮೀಸಲು.