ಕುರಿಯ ಕಿಡ್ನಿ ಕೊಯ್ದು ನೋಡುವುದು ಹೇಗೆ?

ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಮಕ್ಕಳ ಕೈಗೆ ಕಿಡ್ನಿ ಕೊಟ್ಟರೆ ಹತ್ತು ನಿಮಿಷದಲ್ಲಿ ಅದು ಕೀಮಾ ಆಗಿರುತ್ತದೆ. ವರ್ಷಾವರ್ಷ ನೋಡುತ್ತಲೇ ಬಂದಿದ್ದೇನೆ. ತಪ್ಪು ಮಕ್ಕಳದ್ದಲ್ಲ, ಚಾಕು ಎಲ್ಲಿಂದ ಹಾಕಬೇಕೆಂದು ಅವರಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ.

ಮಟನ್ ಅಂಗಡಿಯಲ್ಲಿ ಹಿಂದಿನ ದಿನವೇ ಹೇಳಿಡಿ: "ಕೊಬ್ಬು ಕೀಳಬೇಡಿ, ನಾಳ ಕತ್ತರಿಸಬೇಡಿ, ಇಡಿಯಾಗಿ ಕೊಡಿ." ಹೇಳದಿದ್ದರೆ ಅಭ್ಯಾಸಬಲದಿಂದ ನಡುವೆ ಸೀಳಿ ಕವರಿಗೆ ಹಾಕಿಬಿಡುತ್ತಾರೆ. ಅಂದೇ ಕಡಿದದ್ದು ಬೇಕು. ಫ್ರೀಜರಿನಲ್ಲಿಟ್ಟದ್ದು ಕರಗಿದ ಮೇಲೆ ಒಳಗಿನ ಗೆರೆಗಳೆಲ್ಲ ಕಲಸಿಹೋಗುತ್ತವೆ. ಫಾರ್ಮಲಿನ್ ಜಾಡಿಯಲ್ಲಿ ಬೂದುಬಣ್ಣಕ್ಕೆ ತಿರುಗಿದ ಮಾದರಿಯೂ ಬೇಡ. ಇನ್ನು ಕೆಂಪು, ನೀಲಿ ಬಳಿದ ಪ್ಲಾಸ್ಟಿಕ್ ಕಿಡ್ನಿ! ಅದನ್ನೇ ನೋಡಿ ಕಲಿತ ಮಕ್ಕಳು ಅಭಿಧಮನಿಯ ರಕ್ತ ನಿಜಕ್ಕೂ ನೀಲಿ ಎಂದು ನಂಬಿ ಕೂತಿರುತ್ತಾರೆ.

ಕೊಬ್ಬನ್ನು ಬೆರಳಿನಲ್ಲೇ ಬಿಡಿಸಿ. ಗೋಡಂಬಿಯ ಹಾಗೆ ಒಳಬಾಗಿದ ಕೊರಕಲಿನ ಬಳಿ ಮಾತ್ರ ನಿಧಾನ, ಮೂರು ನಾಳಗಳು ಸಿಗುವುದು ಅಲ್ಲಿಯೇ. ಗೋಡೆ ದಪ್ಪವಾಗಿ, ಕತ್ತರಿಸಿದ ಬಾಯಿ ದುಂಡಗೆ ತೆರೆದೇ ಇದ್ದರೆ ಅದು ಅಪಧಮನಿ. ಒದ್ದೆ ಕಾಗದದಂತೆ ಮುದುಡಿಕೊಂಡದ್ದು ಅಭಿಧಮನಿ. ಉಳಿದ ಬಿಳಿಚು ನಾಳ ಮೂತ್ರನಾಳ. ಯಾವುದು ಯಾವುದೆಂದು ಈಗಲೇ ತೀರ್ಮಾನವಾಗದಿದ್ದರೆ ಬಿಡಿ, ಕೊಯ್ದ ಮೇಲೆ ಗೊತ್ತಾಗುತ್ತದೆ.

ಈಗ ಕೊಯ್ಯುವ ಕೆಲಸ. ಹತ್ತರಲ್ಲಿ ಎಂಟು ಮಂದಿ ಸೌತೆಕಾಯಿ ಹೆಚ್ಚುವ ಹಾಗೆ ಅಡ್ಡಡ್ಡ ಬಿಲ್ಲೆ ಮಾಡುತ್ತಾರೆ. ಬಿಲ್ಲೆಯಲ್ಲಿ ಕೊರಕಲು ಒಂದು ಕಡೆ, ಮೂತ್ರನಾಳ ಇನ್ನೊಂದು ಕಡೆ ಆಗಿ ಯಾವುದು ಯಾವುದಕ್ಕೆ ಸೇರಿದ್ದೆಂದು ತಿಳಿಯುವುದೇ ಇಲ್ಲ. ನಮಗೆ ಬೇಕಾದದ್ದು ಅವರೆಕಾಳು ಎರಡು ಬೇಳೆಯಾಗುವಂಥ ಸೀಳು. ಮಣೆಯ ಮೇಲೆ ಒದ್ದೆ ಬಟ್ಟೆ ಹಾಸಿ, ಇಲ್ಲವಾದರೆ ಕಿಡ್ನಿ ಜಾರುತ್ತದೆ. ಅದರ ಮೇಲೆ ಕಿಡ್ನಿಯನ್ನು ಮಗ್ಗುಲಾಗಿ ಮಲಗಿಸಿ, ಉಬ್ಬಿದ ಬೆನ್ನು ಬಲಗೈ ಕಡೆಗಿರಲಿ. ಎಡಗೈಯನ್ನು ಚಪ್ಪಟೆಯಾಗಿ ಮೇಲಿಟ್ಟು, ಬೆರಳ ತುದಿಗಳನ್ನು ಎತ್ತಿ ಹಿಡಿಯಿರಿ. ಚಾಕುವನ್ನು ಮಣೆಗೆ ಸಮಾನಾಂತರವಾಗಿ ಹಿಡಿದು, ಬೆನ್ನಿನ ನಡುಮಧ್ಯದಿಂದ ಕೊರಕಲಿನತ್ತ ಬನ್ ಸೀಳುವ ಹಾಗೆ ಎಳೆಯಿರಿ. ಒತ್ತಬಾರದು, ಗರಗಸದಂತೆ ಆಡಿಸಲೂಬಾರದು. ಎರಡು ಮೂರು ಉದ್ದನೆಯ ಎಳೆತ ಸಾಕು. ಕೊರಕಲು ಇನ್ನೊಂದು ಬೆರಳಷ್ಟು ದೂರವಿದೆ ಎನ್ನುವಾಗ ನಿಲ್ಲಿಸಿ, ಪುಸ್ತಕದಂತೆ ಬಿಡಿಸಿ.

ತೆಳ್ಳಗಿನ ಹೊರಪೊರೆಯನ್ನು ಮೊದಲೇ ಸುಲಿಯಿರಿ ಎನ್ನುವವರಿದ್ದಾರೆ. ಕೇಳಬೇಡಿ. ಮೆತ್ತಗಿನ ಮಾಂಸವನ್ನು ಬಿಗಿಯಾಗಿ ಹಿಡಿದಿರುವುದೇ ಆ ಪೊರೆ, ಕೊಯ್ದ ಮೇಲೆ ಸುಲಿದರಾಯಿತು. ಹಲ್ಲಿನ ಚಾಕು, ಮುರಿದ ಶೇವಿಂಗ್ ಬ್ಲೇಡು, "ಮನೆಯಲ್ಲಿದೆಯಲ್ಲ ಸಾರ್" ಎಂದು ತರುವ ಈಳಿಗೆ ಮಣೆ, ಮೂರೂ ಬೇಡ. ಆಗ ತಾನೇ ಸಾಣೆ ಹಿಡಿದ ಉದ್ದನೆಯ ತೆಳು ಚಾಕು ಬೇಕು, ಅದು ದೊಡ್ಡವರ ಕೈಯಲ್ಲಿರಬೇಕು.

ಬಿಡಿಸಿದೊಡನೆ ಮಕ್ಕಳು ಪಠ್ಯಪುಸ್ತಕ ತೆರೆದು ಅಲ್ಲಿನ ಪಿರಮಿಡ್ಡುಗಳನ್ನು, ಅಂದರೆ ಕಿಡ್ನಿಯ ಒಳಭಾಗದ ಶಂಕುವಿನಾಕಾರದ ತುಣುಕುಗಳನ್ನು, ಹುಡುಕುತ್ತಾರೆ, ಕಾಣದಿದ್ದರೂ ಬರೆದುಕೊಳ್ಳುತ್ತಾರೆ! ಮನುಷ್ಯರ ಕಿಡ್ನಿಯಲ್ಲಿ ಸಾಮಾನ್ಯವಾಗಿ 7ರಿಂದ 18 ಪಿರಮಿಡ್ಡುಗಳು ಬೇರೆಬೇರೆಯಾಗಿ ಕಾಣುತ್ತವೆ. ಕುರಿ, ಮೇಕೆಗಳಲ್ಲಿ ಅವು ಒಂದಕ್ಕೊಂದು ಕೂಡಿಕೊಂಡು ಒಂದೇ ಏಣಿನಂತಾಗಿರುತ್ತವೆ. ಪಿರಮಿಡ್ಡು ನೋಡಲೇಬೇಕೆಂದರೆ ಹಂದಿಯ ಕಿಡ್ನಿ ತನ್ನಿ, ನಮ್ಮದಕ್ಕೆ ಹತ್ತಿರದ್ದು ಅದು. ಕೊಡಗು, ಮಂಗಳೂರಿನ ಕಡೆ ಸುಲಭವಾಗಿ ಸಿಗುತ್ತದೆ.

ಹೊರಸುತ್ತು ತರಿತರಿಯಾಗಿದೆ, ಅಲ್ಲವೇ? ಅದು ಕಾರ್ಟೆಕ್ಸ್. ಮನುಷ್ಯರ ಒಂದೊಂದು ಕಿಡ್ನಿಯಲ್ಲಿ ಮೂತ್ರ ತಯಾರಿಸುವ ಪುಟ್ಟ ಘಟಕಗಳಾದ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಪ್ರತಿಯೊಂದರ ತಲೆಯಲ್ಲೂ ಲೋಮನಾಳಗಳ ಪುಟ್ಟ ಉಂಡೆ, ಅಡ್ಡಳತೆ 0.2 ಮಿಲಿಮೀಟರ್ ಆಸುಪಾಸು. ತರಿ ಅವುಗಳದ್ದೇ. ಇಟಲಿಯ ಮಾರ್ಚೆಲ್ಲೊ ಮಾಲ್ಪಿಘಿ ಇವನ್ನು ವರ್ಣಿಸಿದ್ದು 1666ರಲ್ಲಿ. ಉಂಡೆಯನ್ನು ಸುತ್ತಿದ ಬಟ್ಟಲಿನಿಂದಲೇ ನಳಿಕೆ ಹೊರಡುತ್ತದೆಂದು ಇಂಗ್ಲೆಂಡಿನ ವಿಲಿಯಂ ಬೌಮನ್ ತೋರಿಸಿದ್ದು 1842ರಲ್ಲಿ. ಒಳಗಡೆ ಗೆರೆಗೆರೆಯಾಗಿ ಕಾಣುವುದು ಮೆಡುಲ್ಲಾ. ನಳಿಕೆಗಳು ಅಲ್ಲಿ ನೇರವಾಗಿ ಇಳಿದು ಏರುವುದರಿಂದ ಆ ಗೆರೆ.

ಕಿಡ್ನಿಯೆಂದರೆ ಟೀ ಸೋಸುವ ಜರಡಿ ಎಂದು ಹೇಳಿಕೊಟ್ಟು ಪಾಠ ಮುಗಿಸಬೇಡಿ. ದಸರೆಗೆ ಅಟ್ಟದ ಸಾಮಾನನ್ನೆಲ್ಲ ಅಂಗಳಕ್ಕೆ ಇಳಿಸಿ, ಬೇಕಾದದ್ದನ್ನು ಮತ್ತೆ ಮೇಲೇರಿಸುತ್ತೇವಲ್ಲ, ಅದೇ ಕ್ರಮ ಇಲ್ಲಿಯೂ. ಉಂಡೆಗಳಲ್ಲಿ ರಕ್ತಕಣ ಮತ್ತು ದೊಡ್ಡ ಪ್ರೋಟೀನುಗಳನ್ನು ಉಳಿಸಿಕೊಂಡು ನೀರು, ಲವಣ, ಗ್ಲೂಕೋಸ್, ಯೂರಿಯಾ ಎಲ್ಲವನ್ನೂ ನಳಿಕೆಗೆ ಬಿಡುತ್ತದೆ. ಮನುಷ್ಯರಲ್ಲಿ ದಿನಕ್ಕೆ ಸುಮಾರು 180 ಲೀಟರ್! ಅದರಲ್ಲಿ ಶೇ 99ರಷ್ಟು ನೀರು ನಳಿಕೆಯ ದಾರಿಯಲ್ಲಿ ರಕ್ತಕ್ಕೆ ವಾಪಸ್. ಆರೋಗ್ಯವಂತರಲ್ಲಿ ಗ್ಲೂಕೋಸ್ ಬಹುತೇಕ ಪೂರ್ತಿ ವಾಪಸ್. ಯಕೃತ್ತು ತಯಾರಿಸಿ ಕಳಿಸಿದ ಯೂರಿಯಾದಲ್ಲೂ ಸುಮಾರು ಅರ್ಧ ಮರಳುತ್ತದೆ. ಮಿಕ್ಕ ಒಂದೂವರೆ ಲೀಟರಿನಷ್ಟೇ ಮೂತ್ರ.

ಮಧ್ಯದ ಬಿಳಿಯ ಕುಳಿಗೆ ಊದುಬತ್ತಿಯ ಬರಿಗಡ್ಡಿ ಇಟ್ಟು ಮೆಲ್ಲಗೆ ತಳ್ಳಿ. ಅದು ಹೊರಬಂದ ನಾಳವೇ ಮೂತ್ರನಾಳ. ಆಗಿನ ಗೊಂದಲವೂ ಮುಗಿಯಿತು.

ಹೈಡ್ರೋಜನ್ ಪೆರಾಕ್ಸೈಡ್ ಸುರಿದು ನೊರೆ ಎಬ್ಬಿಸುವ ಚಮತ್ಕಾರ ನನಗೆ ಹಿಡಿಸದು. ನೊರೆ ಬರುವುದು ಕ್ಯಾಟಲೇಸ್ ಕಿಣ್ವದಿಂದ, ಸೋಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಚಿತ್ರದ ಕೆಳಗೆ "ಕುರಿಯದ್ದು" ಎಂದು ಬರೆಯಿಸಿ. ಮಣೆ, ಚಾಕು, ಕೈ ಸೋಪಿನಲ್ಲಿ ತೊಳೆಯಿರಿ. ತುಂಡುಗಳನ್ನು ಬೀದಿನಾಯಿಗೆ ಎಸೆಯಬೇಡಿ. ಕುರಿಯ ಹಸಿ ಒಳಾಂಗದಲ್ಲಿ ಲಾಡಿಹುಳುವಿನ ಮರಿಗಳಿರುವ ಹೈಡಾಟಿಡ್ ಗುಳ್ಳೆಯಿದ್ದರೆ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆ ಮಕ್ಕಳ ಹೊಟ್ಟೆ ಸೇರಬಹುದು. ಆಳವಾಗಿ ಗುಂಡಿ ತೋಡಿ ಹೂತುಬಿಡಿ.