ಮಗಳ ಸಾಕರ್, ಕಾಲೇಜಿನ ಸೀಟು: ನಮ್ಮ ಮನೆಯ ರಿಕ್ರೂಟಿಂಗ್ ಅನುಭವ

ಮಗಳು 2025ರ ಆಗಸ್ಟ್‌ನಲ್ಲಿ ಕಾಲೇಜು ಸೇರಿ ಅಲ್ಲಿನ ಸಾಕರ್ (ಫುಟ್‌ಬಾಲ್) ಟೀಮಿನಲ್ಲಿ ಆಡತೊಡಗಿದಳು. ಆಗಿನಿಂದ ನ್ಯೂಜೆರ್ಸಿಯ ನಮ್ಮ ಕನ್ನಡ ಬಳಗದಲ್ಲಿ ಮಕ್ಕಳನ್ನು ಕ್ಲಬ್ ಸಾಕರ್‌ಗೆ ಹಾಕಿರುವ ಅಪ್ಪ-ಅಮ್ಮಂದಿರ ಫೋನು ನನಗೆ ಜಾಸ್ತಿಯಾಗಿದೆ. ಹೆಚ್ಚುಕಡಿಮೆ ಎಲ್ಲರೂ ಮೊದಲು ಕೇಳುವುದು, "ಸ್ಕಾಲರ್‌ಶಿಪ್ ಎಷ್ಟು ಸಿಕ್ಕಿತು?" ಸಾಕರ್‌ಗೆ ಅಂತ ಒಂದು ಡಾಲರೂ ಸಿಕ್ಕಿಲ್ಲ. ಅಮೆರಿಕದ ಕಾಲೇಜು ಆಟಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ ಕಾಲೇಜುಗಳನ್ನು ಮೂರು ಡಿವಿಷನ್ ಆಗಿ ವಿಂಗಡಿಸಿದೆ; ಅವಳು ಆಡುವುದು ಡಿವಿಷನ್ 3 ಕಾಲೇಜಿನಲ್ಲಿ. ಅಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವ ಹಾಗೇ ಇಲ್ಲ. ಸಿಕ್ಕಿದ್ದು ಬೇರೆ. ಬರೀ ಮಾರ್ಕ್ಸ್ ಮೇಲೆ ಸೀಟು ಸಿಗುವುದು ಅನುಮಾನವೇ ಆಗಿದ್ದ ಕಾಲೇಜಿನಲ್ಲಿ, ಕೋಚ್ ಅಡ್ಮಿಷನ್ ಆಫೀಸಿಗೆ ಹೋಗಿ "ಈ ಹುಡುಗಿ ನನಗೆ ಬೇಕು" ಎಂದದ್ದರಿಂದ ಅವಳಿಗೆ ಸೀಟಾಯಿತು.

ಮೈಸೂರಿನಲ್ಲಿರುವ ನನ್ನ ತಾಯಿಗೆ ಇದನ್ನು ವಿವರಿಸುವಾಗ ಅವರು ತಕ್ಷಣ ಕೇಳಿದ್ದು, "ಅಂದ್ರೆ ನಮ್ಮ ಸಿಇಟಿ ಸ್ಪೋರ್ಟ್ಸ್ ಕೋಟಾ ಥರಾನಾ?" ಅದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಆಡಿದ ಟೂರ್ನಿಗಳ ಸರ್ಟಿಫಿಕೇಟು ಇಟ್ಟರೆ ಅದರ ಮೇಲೆ ಲೆಕ್ಕ. ಇಲ್ಲಿ ಯಾವ ಸರ್ಟಿಫಿಕೇಟನ್ನೂ ಯಾರೂ ಕೇಳುವುದಿಲ್ಲ. ಒಬ್ಬ ಕೋಚ್‌ಗೆ ಆ ವರ್ಷ, ಆ ಜಾಗಕ್ಕೆ, ನಿಮ್ಮ ಮಗಳು ಬೇಕು ಅನ್ನಿಸಬೇಕು. ಅನ್ನಿಸಿದೆಯೋ ಇಲ್ಲವೋ ಎಂಬುದನ್ನು ಸರಿಯಾಗಿ ಓದಿಕೊಳ್ಳುವುದೇ ಮನೆಯವರ ಮುಖ್ಯ ಕೆಲಸ ಅಂತ ಈಗಲೂ ನಂಬಿದ್ದೇನೆ.

ಮೊದಲು ಕ್ಯಾಲೆಂಡರ್. ಡಿವಿಷನ್ 1ರ ಸಾಕರ್ ಕೋಚ್‌ಗಳು ಹತ್ತನೇ ತರಗತಿ ಮುಗಿದ ಮೇಲಿನ ಜೂನ್ 15ರವರೆಗೆ ಮಕ್ಕಳಿಗೆ ರಿಕ್ರೂಟಿಂಗ್ (ಟೀಮಿಗೆ ಆಟಗಾರರನ್ನು ಆರಿಸಿಕೊಳ್ಳುವ) ವಿಷಯವಾಗಿ ಬರೆಯುವಂತಿಲ್ಲ, ಫೋನ್ ಮಾಡುವಂತಿಲ್ಲ. ಆ ವರ್ಷದ ಆಗಸ್ಟ್ 1ರಿಂದ ಕ್ಯಾಂಪಸ್ ಭೇಟಿ. ಏಳು-ಎಂಟನೇ ತರಗತಿಯ ಮಕ್ಕಳಿಗೇ ಕೋಚ್‌ಗಳು ಮಾತು ಕೊಡುವ ಪರಿಪಾಠ ಬೆಳೆದಿತ್ತು. ಅದನ್ನು ತಡೆಯಲು 2019ರಲ್ಲಿ ಈ ನಿಯಮ ಬಂತು. ಡಿವಿಷನ್ 3ರಲ್ಲಿ ಇಂಥ ಕಟ್ಟು ಇಲ್ಲ, ಕೋಚ್ ಯಾವಾಗ ಬೇಕಾದರೂ ಉತ್ತರ ಬರೆಯಬಹುದು. ಆದರೂ ಅಲ್ಲಿ ನಿಜವಾದ ಮಾತುಕತೆ ನಡೆಯುವುದು ಹನ್ನೊಂದನೇ ತರಗತಿಯ ವಸಂತದಲ್ಲಿ ಮತ್ತು ಅದರ ನಂತರದ ಬೇಸಿಗೆಯಲ್ಲಿ.

2023ರ ಜೂನ್ 15ರಂದು ಮಗಳ ಟೀಮಿನಲ್ಲಿ ಇಬ್ಬರು ಹುಡುಗಿಯರಿಗೆ ಬೆಳಗಿನಿಂದಲೇ ಮೆಸೇಜುಗಳು ಬಂದವು. ಇವಳಿಗೆ ಬಂದದ್ದು ಬೇಸಿಗೆ ಕ್ಯಾಂಪಿನ ಮೇಲ್‌ಗಳು ಮಾತ್ರ. ಅವತ್ತು ಅತ್ತಳು. ಆದರೆ ಆ ದಿನ ನಮಗೆ ಬೇಕಾದ ಮಾಹಿತಿಯನ್ನೂ ಕೊಟ್ಟಿತು: ಅವಳು ಬರೆದಿದ್ದ ಡಿವಿಷನ್ 1 ಟೀಮುಗಳಿಗೆ ಅವಳು ಬೇಕಾಗಿರಲಿಲ್ಲ. ನಾನೂ ನನ್ನ ಗಂಡನೂ ಅವಳ ಕ್ಲಬ್ ಕೋಚ್ ಜೊತೆ ಕೂತು ನೇರವಾಗಿ ಕೇಳಿದೆವು, "ನಿಮ್ಮ ಕಣ್ಣಿಗೆ ಇವಳು ಯಾವ ಮಟ್ಟದಲ್ಲಿ ಆಡಬಲ್ಲಳು?" ಅವರು ಸುತ್ತಿಬಳಸದೆ ಹೇಳಿದರು: ಡಿಫೆನ್ಸಿವ್ ಮಿಡ್‌ಫೀಲ್ಡ್‌ನಲ್ಲಿ ಆಟದ ಅರಿವು ಚೆನ್ನಾಗಿದೆ, ಓಟದ ವೇಗ ಸಾಲದು, ಒಳ್ಳೆಯ ಡಿವಿಷನ್ 3 ಟೀಮಿನಲ್ಲಿ ಎರಡನೇ ವರ್ಷದಿಂದ ಖಾಯಂ ಆಡಬಹುದು.

ನಮ್ಮವರಲ್ಲಿ ಡಿವಿಷನ್ 3 ಎಂದರೆ ಮೂರನೇ ದರ್ಜೆ ಎಂಬ ಭಾವನೆ ಇದೆ. ಈ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. 2022ರ ಮಹಿಳಾ ಡಿವಿಷನ್ 3 ಫೈನಲ್‌ನಲ್ಲಿ ಎದುರುಬದುರಾದದ್ದು ಜಾನ್ಸ್ ಹಾಪ್ಕಿನ್ಸ್ ಮತ್ತು ಕೇಸ್ ವೆಸ್ಟರ್ನ್, ಗೆದ್ದದ್ದು ಹಾಪ್ಕಿನ್ಸ್. ಎಮರಿ, ಕಾರ್ನೆಗಿ ಮೆಲನ್, ಶಿಕಾಗೊ ವಿಶ್ವವಿದ್ಯಾಲಯ, ವಿಲಿಯಮ್ಸ್, ಆಮ್‌ಹರ್ಸ್ಟ್, ಟಫ್ಟ್ಸ್, ಎಂಐಟಿ ಎಲ್ಲವೂ ಡಿವಿಷನ್ 3. ಅಲ್ಲಿನ ಹುಡುಗಿಯರು ಆಡುವುದನ್ನು ಒಮ್ಮೆ ಮೈದಾನದ ಅಂಚಿನಲ್ಲಿ ನಿಂತು ನೋಡಬೇಕು. ಮಗಳನ್ನು ಕರೆದುಕೊಂಡು ಹೋಗಿ ಇಂಥ ಒಂದು ಮ್ಯಾಚ್ ತೋರಿಸಿದ ಮೇಲೆ, ಮನೆಗೆ ಬರುವ ದಾರಿಯಲ್ಲಿ ಅವಳೇ ಅಂದಳು: "ಅಮ್ಮ, ಇವರ ಜೊತೆ ಆಡೋಕೆ ನಾನಿನ್ನೂ ಫಿಟ್ ಆಗ್ಬೇಕು."

ಡಿವಿಷನ್ 1ರಲ್ಲಿ ಕೂಡ ಪೂರ್ತಿ ಸ್ಕಾಲರ್‌ಶಿಪ್ ಎಂಬುದು ಅಪರೂಪವೇ. ಮೊನ್ನೆಮೊನ್ನೆಯವರೆಗೆ ಮಹಿಳಾ ಟೀಮಿಗೆ ಹೆಚ್ಚೆಂದರೆ 14 ಸ್ಕಾಲರ್‌ಶಿಪ್, ಪುರುಷರಿಗೆ 9.9; ಅದನ್ನು ಇಡೀ ಟೀಮಿಗೆ ಚೂರುಚೂರಾಗಿ ಹಂಚುತ್ತಿದ್ದರು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ಹೌಸ್ ಇತ್ಯರ್ಥದ (ಕಾಲೇಜು ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಮೊಕದ್ದಮೆಯ ರಾಜಿ) ನಂತರ, ಅದಕ್ಕೆ ಸೇರಿಕೊಂಡ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಗಿ ಟೀಮಿನ ಗಾತ್ರಕ್ಕೇ ಮಿತಿ ಬಂತು, ಸಾಕರ್‌ಗೆ 28 ಜನ. ಮಗಳ ಕ್ಲಬ್ಬಿನ ಒಬ್ಬ ಹುಡುಗಿಗೆ ಬಾಯಿಮಾತಿನಲ್ಲಿ ಜಾಗ ಕೊಟ್ಟಿದ್ದ ಕೋಚ್, ಈ ಮಿತಿ ಬರಲಿದೆಯೆಂದು ಅದಕ್ಕೂ ಮೊದಲೇ, ಹನ್ನೆರಡನೇ ತರಗತಿಯ ವಸಂತದಲ್ಲಿ, ಫೋನ್ ಮಾಡಿ ಜಾಗವಿಲ್ಲ ಎಂದರು. ಆ ಮನೆಯವರು ಅಷ್ಟೊತ್ತಿಗೆ ಬೇರೆ ಕಡೆಯ ಅರ್ಜಿಯ ಗಡುವುಗಳನ್ನೆಲ್ಲ ದಾಟಿಬಿಟ್ಟಿದ್ದರು. ಬಾಯಿಮಾತು ಬಾಯಿಮಾತೇ. ಆದ್ದರಿಂದ ಡಿವಿಷನ್ 1 ಮಾತು ಸಿಕ್ಕವರೂ ಬೇರೆ ಕಾಲೇಜುಗಳ ಅರ್ಜಿ ಸಿದ್ಧವಾಗಿಟ್ಟುಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ.

ಈಗ ಮೇಲ್ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಎಲ್ಲ ಮೇಲ್‌ಗಳನ್ನೂ ಬರೆದದ್ದು ಅವಳೇ. ಅಪ್ಪ-ಅಮ್ಮ ಬರೆದದ್ದು ಎರಡನೇ ಸಾಲಿಗೇ ಗೊತ್ತಾಗುತ್ತದೆ ಎಂದು ಕೋಚ್‌ಗಳೇ ಹೇಳುತ್ತಾರೆ. ಅವಳ ಮೇಲ್‌ನ ವಿಷಯದ ಸಾಲಿನಲ್ಲಿ ನಾಲ್ಕೇ ವಿವರ ಇರುತ್ತಿದ್ದವು: ಹೈಸ್ಕೂಲ್ ಮುಗಿಸುವ ವರ್ಷ 2025, ಆಡುವ ಜಾಗ, ಕ್ಲಬ್ಬಿನ ಹೆಸರು, ಜರ್ಸಿ ನಂಬರ್. ಒಳಗೆ ಮೊದಲು ಆ ವಾರಾಂತ್ಯದ ಮ್ಯಾಚ್‌ಗಳ ಸಮಯ ಮತ್ತು ಮೈದಾನದ ನಂಬರ್, ಆಮೇಲೆ ಜಿಪಿಎ (ಶಾಲೆಯ ಸರಾಸರಿ ಅಂಕ), ಓದಬೇಕೆಂದಿರುವ ವಿಷಯ, ವಿಡಿಯೋ ಲಿಂಕ್, ಕೊನೆಗೆ ಆ ಟೀಮಿನ ಬಗ್ಗೆ ಒಂದು ಸಾಲು. ಆ ಒಂದು ಸಾಲಿಗಾಗಿ ಅವಳು ಅವರ ಮ್ಯಾಚ್ ಒಂದನ್ನು ಪೂರ್ತಿ ನೋಡುತ್ತಿದ್ದಳು. "ನಿಮ್ಮ ಸಿಕ್ಸ್ ನಂಬರ್ ಆಟಗಾರ್ತಿ ಇಬ್ಬರು ಸೆಂಟರ್‌ಬ್ಯಾಕ್‌ಗಳ ನಡುವೆ ಇಳಿದು ಚೆಂಡು ತಗೊಳ್ಳೋದು ನೋಡಿದೆ, ನಮ್ಮ ಕ್ಲಬ್ಬಿನಲ್ಲೂ ನಾನು ಹಾಗೇ ಆಡ್ತೀನಿ" ಅಂತ ಬರೆದ ಮೇಲ್‌ಗೆ ಅದೇ ಸಂಜೆ ಉತ್ತರ ಬಂತು. ಹೊಗಳಿಕೆ ತುಂಬಿದ ಉದ್ದುದ್ದ ಮೇಲ್‌ಗಳಿಗೆ ಹಾಗೆ ಬಂದಿರಲಿಲ್ಲ.

ವಿಡಿಯೋ ನಾಲ್ಕು ನಿಮಿಷ ದಾಟಿಸಲಿಲ್ಲ. ಕ್ಲಬ್ಬಿನ ಕ್ಯಾಮೆರಾ ಇಡೀ ಮ್ಯಾಚ್ ತೆಗೆಯುತ್ತಿತ್ತು. ಅದರಿಂದ ಅವಳೇ ತುಣುಕು ಕತ್ತರಿಸಿ, ಆಟ ಶುರುವಾಗುವ ಮೊದಲು ಅವಳ ಮೇಲೊಂದು ಬಾಣದ ಗುರುತು ಹಾಕಿದಳು. ಹಾಡು ಬೇಡ, ನಿಧಾನಗತಿ ಬೇಡ. ಗೋಲುಗಳಿಗಿಂತ ಚೆಂಡು ಕಿತ್ತುಕೊಂಡದ್ದು, ಒತ್ತಡದಲ್ಲಿ ತಿರುಗಿ ಪಾಸ್ ಕೊಟ್ಟದ್ದು ಮುಂದೆ ಇಟ್ಟಳು. ಆಸಕ್ತಿ ಹುಟ್ಟಿದ ಕೋಚ್‌ಗಳು ಎರಡನೇ ಮೇಲ್‌ನಲ್ಲೇ ಪೂರ್ತಿ ಮ್ಯಾಚ್ ಕೇಳಿದರು. ಹೈಲೈಟ್‌ನಲ್ಲಿ ಯಾರೂ ಚೆಂಡು ಕಳೆದುಕೊಳ್ಳುವುದಿಲ್ಲ, ಕಳೆದುಕೊಂಡ ಮೇಲೆ ಏನು ಮಾಡುತ್ತಾಳೆ ಎಂಬುದೇ ಅವರಿಗೆ ಬೇಕು.

ಕಾಲೇಜು ಕೋಚ್‌ಗಳು ಮಕ್ಕಳ ಆಟ ನೋಡಲು ಬರುವ ಶೋಕೇಸ್ ಟೂರ್ನಿಗಳಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಕೋಚ್‌ಗಳು ಪೋಷಕರ ಎದುರು ಬದಿಯಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ಕಾಲೇಜಿನ ಜಾಕೆಟ್ ತೊಟ್ಟು, ಕೈಯಲ್ಲಿ ಆಟಗಾರ್ತಿಯರ ಪಟ್ಟಿ ಹಿಡಿದು ಕೂತಿರುತ್ತಾರೆ. ಅರ್ಧ ಗಂಟೆ ನೋಡಿ ಪಕ್ಕದ ಮೈದಾನಕ್ಕೆ ನಡೆಯುತ್ತಾರೆ. ಒಂದು ಮಳೆಯ ಮ್ಯಾಚಿನಲ್ಲಿ ನಮ್ಮ ಹುಡುಗಿಯರು ಮೂರು ಗೋಲು ಹಿಂದೆ ಬಿದ್ದಿದ್ದರು. ಇವಳದ್ದೇ ಪಾಸ್ ತಪ್ಪಿ ಮೂರನೆಯದು ಹೋಗಿತ್ತು. ತಲೆ ತಗ್ಗಿಸದೆ ಗೋಲಿನೊಳಗಿಂದ ಚೆಂಡು ತಂದು ಮಧ್ಯದಲ್ಲಿ ಇಟ್ಟಳು, ಅಳುತ್ತಿದ್ದ ಗೋಲ್‌ಕೀಪರ್ ಬೆನ್ನು ತಟ್ಟಿದಳು. ಎದುರು ಟೀಮಿನ ಸೆಂಟರ್‌ಬ್ಯಾಕ್ ನೋಡಲು ಬಂದಿದ್ದ ಒಬ್ಬ ಕೋಚ್ ಆ ವಾರ ಇವಳಿಗೆ ಬರೆದರು. ಈಗ ಅವಳು ಆಡುತ್ತಿರುವುದು ಅವರ ಬಳಿಯೇ.

ಕಾಲೇಜುಗಳು ಆಟಗಾರರನ್ನು ಗುರುತಿಸಲೆಂದು ನಡೆಸುವ ಐಡಿ ಕ್ಯಾಂಪುಗಳ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಒಂದೊಂದಕ್ಕೆ ನೂರಾರು ಡಾಲರ್ ಫೀಸು, ಮೇಲೆ ಪ್ರಯಾಣ, ಹೋಟೆಲ್. "ನಿನ್ನನ್ನು ನಮ್ಮ ಕ್ಯಾಂಪಸ್‌ನಲ್ಲಿ ನೋಡಲು ಕಾತರದಿಂದಿದ್ದೇವೆ" ಎಂಬ ಮೇಲ್ ಆ ಪ್ರಾಂತದ ಎಲ್ಲ ಮಕ್ಕಳಿಗೂ ಹೋಗಿರುತ್ತದೆ. ಆದ್ದರಿಂದ ಒಂದು ನಿಯಮ ಮಾಡಿಕೊಂಡೆವು: ಕೋಚ್ ಮೊದಲೇ ಅವಳ ಆಟ ನೋಡಿರಬೇಕು, ಇಲ್ಲವೇ ವಿಡಿಯೋದ ಯಾವುದಾದರೂ ನಿರ್ದಿಷ್ಟ ಕ್ಷಣದ ಬಗ್ಗೆ ಬರೆದಿರಬೇಕು. ಆಗ ಮಾತ್ರ ಕ್ಯಾಂಪು. ಆ ನಿಯಮದಿಂದ ದುಡ್ಡೂ ಉಳಿಯಿತು, ಮಗಳ ಮನಸ್ಸೂ ಉಳಿಯಿತು.

ಕೋಚ್ ಎಷ್ಟು ಗಂಭೀರ ಎಂದು ತಿಳಿಯಲು ನಾವು ಅವರು ಮಾಡುವುದನ್ನು ನೋಡುತ್ತಿದ್ದೆವು. ಬಂದು ಆಟ ನೋಡಿದರಾ? ಫೋನಿನಲ್ಲಿ ಮಾತಾಡಿದರಾ? ಕ್ಲಬ್ ಕೋಚ್‌ಗೆ ಕರೆ ಮಾಡಿ ವಿಚಾರಿಸಿದರಾ? ಎಲ್ಲಕ್ಕಿಂತ ದೊಡ್ಡದು, ಮಾರ್ಕ್ಸ್ ಪಟ್ಟಿ ಕೇಳಿದರಾ? ಓದಿನಲ್ಲಿ ಪೈಪೋಟಿ ಇರುವ ಡಿವಿಷನ್ 3 ಕಾಲೇಜುಗಳಲ್ಲಿ ಹನ್ನೆರಡನೇ ತರಗತಿಗೆ ಮುಂಚಿನ ಜುಲೈನಲ್ಲಿ ಪ್ರೀ-ರೀಡ್ ಎಂಬ ಹಂತವಿದೆ. ಕೋಚ್ ತನಗೆ ನಿಜವಾಗಿ ಬೇಕಾದ ಕೆಲವರ ಹೈಸ್ಕೂಲ್ ಅಂಕಪಟ್ಟಿ, ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕ, ಮುಂದಿನ ವರ್ಷ ತೆಗೆದುಕೊಳ್ಳುವ ವಿಷಯಗಳ ಪಟ್ಟಿಯನ್ನು ಅಡ್ಮಿಷನ್ ಆಫೀಸಿಗೆ ಕೊಡುತ್ತಾರೆ. ಅವರು ಓದಿ, ಈ ಹುಡುಗಿ ಅರ್ಜಿ ಹಾಕಿದರೆ ಆಗುವಂಥದ್ದೋ, ಕಷ್ಟವೋ, ಆಗುವುದೇ ಇಲ್ಲವೋ ಎಂದು ಕೋಚ್‌ಗೆ ತಿಳಿಸುತ್ತಾರೆ. ಅದು ಸೀಟು ಸಿಕ್ಕಿತೆಂಬ ಪತ್ರವಲ್ಲ. ಆದರೆ ಆ ಹಂತ ದಾಟಿ, ಕೋಚ್ ತನ್ನ ಬೆಂಬಲವನ್ನೂ ಕೊಟ್ಟು, ನವೆಂಬರ್‌ನ ಅರ್ಲಿ ಡಿಸಿಷನ್‌ನಲ್ಲಿ ಅರ್ಜಿ ಹಾಕಿದರೆ ದಾರಿ ಬಹಳ ಸಲೀಸಾಗುತ್ತದೆ. ಅರ್ಲಿ ಡಿಸಿಷನ್ ಒಂದೇ ಕಾಲೇಜಿಗೆ, ಸಿಕ್ಕರೆ ಹೋಗಲೇಬೇಕು. ಎಂಐಟಿಯಂಥ ಕಡೆ ಅರ್ಲಿ ಡಿಸಿಷನ್ ಇಲ್ಲ, ಕೋಚ್ ಮಾತಿಗೆ ತೂಕವೂ ಕಡಿಮೆ. ಅದನ್ನೇ ನೆಚ್ಚಿ ಕೂರುವುದು ಬೇಡ.

ಪ್ರೀ-ರೀಡ್ ಚೆನ್ನಾಗಿ ಬಂತು ಎಂದ ಮಾತ್ರಕ್ಕೆ ಕೋಚ್ ಬೆಂಬಲ ಇದೆ ಎಂದಲ್ಲ. ಇದು ಅನೇಕ ಮನೆಯವರಿಗೆ ಗೊತ್ತಾಗುವಾಗ ತಡವಾಗಿರುತ್ತದೆ. ಮಗಳು ಕಾಗದದಲ್ಲಿ ಬರೆದಿಟ್ಟುಕೊಂಡು ಪ್ರತಿ ಕೋಚ್‌ಗೂ ಮೂರು ಪ್ರಶ್ನೆ ಕೇಳಿದಳು. ನಮ್ಮ ವರ್ಷದಲ್ಲಿ ಈ ಜಾಗಕ್ಕೆ ಎಷ್ಟು ಜನರನ್ನು ತೆಗೆದುಕೊಳ್ಳುತ್ತೀರಿ? ಅದರಲ್ಲಿ ನಾನು ಎಷ್ಟನೆಯವಳು? ನಾನು ಅರ್ಲಿ ಡಿಸಿಷನ್ ಹಾಕಿದರೆ ಅಡ್ಮಿಷನ್ ಆಫೀಸಿನಲ್ಲಿ ನಿಮ್ಮ ಪೂರ್ತಿ ಬೆಂಬಲ ಇರುತ್ತದಾ? ಹದಿನೇಳರ ಹುಡುಗಿಗೆ ಇದನ್ನು ದೊಡ್ಡವರ ಮುಂದೆ ಕೇಳುವುದು ಸುಲಭವಲ್ಲ. ನಮ್ಮ ಮನೆಗಳಲ್ಲಂತೂ ಹಿರಿಯರನ್ನು ಹಾಗೆ ಕೇಳುವುದು ಕಲಿಸಿಯೇ ಇರುವುದಿಲ್ಲ. ಅಡುಗೆಮನೆಯಲ್ಲಿ ನನ್ನ ಗಂಡ ಕೋಚ್ ಆಗಿ ಕೂತು, ಅವಳು ಕೇಳಿ ಕೇಳಿ ಅಭ್ಯಾಸ ಮಾಡಿದಳು. ಒಬ್ಬ ಕೋಚ್ "ನೀನು ನಮಗೆ ತುಂಬಾ ಇಷ್ಟ, ಅರ್ಜಿ ಹಾಕು, ನೋಡೋಣ" ಎಂದರು. ಇನ್ನೊಬ್ಬರು, "ನನ್ನ ಪಟ್ಟಿಯಲ್ಲಿ ಆ ಜಾಗಕ್ಕೆ ನೀನೇ ಮೊದಲು, ಈ ತಿಂಗಳ ಕೊನೆಯೊಳಗೆ ನಿನ್ನ ಉತ್ತರ ಬೇಕು" ಎಂದರು. ಮೊದಲನೆಯದು ಹೆಸರುವಾಸಿ ಕಾಲೇಜು. ಅದನ್ನು ಬಿಟ್ಟೆವು.

ದುಡ್ಡಿನ ಮಾತು ನಮ್ಮಂಥವರಿಗೆ ಇನ್ನೂ ಜಟಿಲ. ನಾವು ಗ್ರೀನ್ ಕಾರ್ಡ್ ಸಾಲಿನಲ್ಲಿರುವವರು, ಮಗಳದ್ದು ಎಚ್-4, ಅಂದರೆ ಕೆಲಸದ ವೀಸಾದಲ್ಲಿರುವವರ ಮಕ್ಕಳಿಗೆ ಸಿಗುವ ಅವಲಂಬಿತ ವೀಸಾ. ಎಚ್-4 ಮಕ್ಕಳಿಗೆ ಫಾಫ್ಸಾ ಎಂಬ ಅರ್ಜಿಯ ಮೂಲಕ ಬರುವ ಕೇಂದ್ರ ಸರ್ಕಾರದ ನೆರವು ಸಿಗುವುದಿಲ್ಲ. ಅನೇಕ ಕಾಲೇಜುಗಳು ನೆರವಿನ ಲೆಕ್ಕದಲ್ಲಿ ಇವರನ್ನು ವಿದೇಶಿ ವಿದ್ಯಾರ್ಥಿ ಎಂದೇ ನೋಡುತ್ತವೆ. ಆದರೆ ಕಾಲೇಜು ತನ್ನ ಸ್ವಂತ ದುಡ್ಡಿನಿಂದ ಕೊಡುವ ಮೆರಿಟ್ ಸ್ಕಾಲರ್‌ಶಿಪ್, ಡಿವಿಷನ್ 1 ಮತ್ತು 2ರ ಆಟದ ಸ್ಕಾಲರ್‌ಶಿಪ್ ಪಡೆಯಲು ವೀಸಾ ಅಡ್ಡಿಯಿಲ್ಲ. ಆಮ್‌ಹರ್ಸ್ಟ್, ಬೋಡನ್‌ನಂಥ ಕೆಲವು ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲೂ ನೆರವು ಕೇಳಿದ್ದನ್ನು ಪ್ರವೇಶದಲ್ಲಿ ಲೆಕ್ಕಕ್ಕಿಡುವುದಿಲ್ಲ. ಅರ್ಲಿ ಡಿಸಿಷನ್ ಸಹಿಗೆ ಮೊದಲು ನಾನು ಕಾಲೇಜಿನ ಹಣಕಾಸು ನೆರವಿನ ಆಫೀಸಿಗೆ ಫೋನ್ ಮಾಡಿ, ಎಚ್-4 ಎಂದು ಹೇಳಿಯೇ ಅಂದಾಜು ಲೆಕ್ಕ ಬರೆಸಿಕೊಂಡೆ. ರಿಕ್ರೂಟಿಂಗ್‌ನಲ್ಲಿ ಅಪ್ಪ-ಅಮ್ಮ ಮಾತಾಡಬೇಕಾದ ಜಾಗ ಅದೊಂದು. ಇಪ್ಪತ್ತೊಂದು ತುಂಬಿದರೆ ಎಚ್-4 ಮುಗಿಯುತ್ತದೆ, ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕು ಎಂಬುದನ್ನೂ ಅಲ್ಲಿಯೇ ಕೇಳಿಕೊಂಡೆ.

ಹೈಸ್ಕೂಲ್ ಮಧ್ಯದಲ್ಲಿ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದ ಮಕ್ಕಳು ಡಿವಿಷನ್ 1 ಅಥವಾ 2 ನೋಡುತ್ತಿದ್ದರೆ, ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ಗೆ (ಆಡಲು ಅರ್ಹತೆ ಇದೆಯೇ ಎಂದು ನೋಡುವ ಕಚೇರಿ) ಒಂಬತ್ತನೇ ತರಗತಿಯಿಂದ ಮುಂದಿನ ಎಲ್ಲ ಅಂಕಪಟ್ಟಿ ಬೇಕಾಗುತ್ತದೆ. ಊರಿನ ಶಾಲೆಯಿಂದ ಅವನ್ನು ಈಗಲೇ ತರಿಸಿಟ್ಟುಕೊಳ್ಳಿ. ಗಂಡುಮಕ್ಕಳ ಅಪ್ಪ-ಅಮ್ಮಂದಿರಿಗೆ ಒಂದು ಮಾತು: ಡಿವಿಷನ್ 1ರಲ್ಲಿ ಮಹಿಳಾ ಸಾಕರ್ ಟೀಮುಗಳು ಸುಮಾರು 350, ಪುರುಷರದ್ದು ಸುಮಾರು 210. ಅದರಲ್ಲೂ ಪುರುಷರ ಕೋಚ್‌ಗಳು ಯುರೋಪಿನ ಅಕಾಡೆಮಿಗಳಲ್ಲಿ ಪಳಗಿದ, ವಯಸ್ಸಿನಲ್ಲಿ ದೊಡ್ಡವರಾದ ಹುಡುಗರನ್ನು ಕರೆತರುತ್ತಾರೆ. ಮಗನ ಪಟ್ಟಿ ಇನ್ನೂ ಅಗಲವಾಗಿರಲಿ.

ಡಿಸೆಂಬರ್ ಮಧ್ಯದಲ್ಲಿ ಸೀಟಿನ ಪತ್ರ ಬಂತು. ಮಗಳು ಸೆಪ್ಟೆಂಬರ್‌ನಲ್ಲಿ ಕೋಚ್‌ಗೆ ಒಪ್ಪಿಗೆ ಹೇಳಿದ ದಿನವೇ ಉಳಿದ ಕೋಚ್‌ಗಳಿಗೆಲ್ಲ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆದು ತಿಳಿಸಿದ್ದಳು. ಅವರ ಪಟ್ಟಿಯಲ್ಲಿ ಇವಳ ಕೆಳಗೆ ಇನ್ನೊಬ್ಬ ಹುಡುಗಿ ಫೋನಿಗಾಗಿ ಕಾಯುತ್ತಿರುತ್ತಾಳೆ, ಒಂದು ದಿನ ತಡಮಾಡಿದರೂ ಅವಳಿಗೆ ಅನ್ಯಾಯ ಎಂದು ಕ್ಲಬ್ ಕೋಚ್ ಹೇಳಿಕೊಟ್ಟಿದ್ದರು. ಬಹಳ ಜನ ಉತ್ತರಿಸಿ ಹಾರೈಸಿದರು. ಅವರಲ್ಲೊಬ್ಬರು ಈ ಋತುವಿನಲ್ಲಿ ಎದುರು ಟೀಮಿನ ಕೋಚ್ ಆಗಿ ಬಂದಿದ್ದಾಗ, ಮ್ಯಾಚ್ ಮುಗಿದ ಮೇಲೆ ಇವಳನ್ನು ಹೆಸರು ಹಿಡಿದು ಕರೆದು ಕೈಕುಲುಕಿದರು.